ನನ್ನ ಹೆಸರಿನ ಫಾರಂ

ಮೂವತ್ತು ದಾಟಿದವರ ಸೊಂಟಕ್ಕೆ ಟೇಪು ಸುತ್ತುವುದು ನನ್ನ ಕೆಲಸಗಳಲ್ಲಿ ಒಂದು. ನಾನು ಆಶಾ ಕಾರ್ಯಕರ್ತೆ. 2009ರಿಂದ ಇದೇ ಊರಿನಲ್ಲಿ ಮನೆ ಮನೆ ತಿರುಗುತ್ತಿದ್ದೇನೆ. ಬಿಪಿ, ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಯಂಥ ಅಸಾಂಕ್ರಾಮಿಕ ರೋಗಗಳ ತಪಾಸಣೆಗೆ ನಮಗೊಂದು ಫಾರಂ ಕೊಟ್ಟಿದ್ದಾರೆ. ನಮ್ಮ ಬಾಯಲ್ಲಿ ಅದು ಸಿಬ್ಯಾಕ್. ವಯಸ್ಸು 50ರಿಂದ 59ರೊಳಗಿದ್ದರೆ 3 ಅಂಕ. ದಿನವೂ ಬೀಡಿ ಸೇದಿದರೆ, ಹೊಗೆಸೊಪ್ಪು ಜಗಿದರೆ 2. ಹೆಂಗಸರ ಸೊಂಟ 80 ಸೆಂಟಿಮೀಟರ್ ಮೀರಿದರೆ 1, 90 ಮೀರಿದರೆ 2. ಹೆತ್ತವರಿಗೋ ಒಡಹುಟ್ಟಿದವರಿಗೋ ಈ ಕಾಯಿಲೆಗಳಿದ್ದರೆ 2. ವಾರಕ್ಕೆ 150 ನಿಮಿಷ ಮೈ ಬೆವರುವಂಥ ಓಡಾಟವಿಲ್ಲದಿದ್ದರೆ 1. ಕೂಡಿಸಿದಾಗ 4 ಮೀರಿದವರನ್ನು ಮೊದಲು ತಪಾಸಣೆಗೆ ಕಳುಹಿಸಬೇಕು.

ನನ್ನ ಪಾಲಿಗೆ ಬಂದ ಸುಮಾರು ಸಾವಿರ ಜನರಲ್ಲಿ ಮೂವತ್ತು ದಾಟಿದ ಎಲ್ಲರ ಫಾರಂ ತುಂಬಿದ್ದೆ. 2025ರ ಆಗಸ್ಟ್ ತನಕ ಅದರಲ್ಲಿ ನನ್ನ ಹೆಸರಿನ ಫಾರಂ ಇರಲಿಲ್ಲ.

ನಮ್ಮದು ಪಿರಿಯಾಪಟ್ಟಣದ ಕಡೆಯ ಹಳ್ಳಿ, ಹೊಗೆಸೊಪ್ಪಿನ ಸೀಮೆ. ಆಷಾಢ, ಶ್ರಾವಣದಲ್ಲಿ ಎಲೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ, ಅಂದರೆ ಎಲೆ ಹದ ಮಾಡುವ ಮನೆಗೆ, ಏರಿಸಿ ಬೆಂಕಿ ಕೊಡುತ್ತಾರೆ. ಎಲೆ ಹದವಾಗುವ ತನಕ ಐದಾರು ದಿನ ಹಗಲು ರಾತ್ರಿ ಒಲೆ ಕಾಯಬೇಕು. ಶಾಖ ಹೆಚ್ಚಾದರೂ ಕೆಟ್ಟಿತು, ಕಡಿಮೆಯಾದರೂ ಕೆಟ್ಟಿತು. ಮನೆಯಲ್ಲಿ ಸರದಿ ಹಾಕಿಕೊಂಡು ಎದ್ದಿರುತ್ತೇವೆ. ಆ ತಿಂಗಳುಗಳಲ್ಲಿ ನಮ್ಮೂರಿನ ಹೆಂಗಸರಿಗೆ ಪೂರ್ತಿ ನಿದ್ರೆ ಎನ್ನುವುದು ಇರುವುದಿಲ್ಲ.

ಆ ವರ್ಷ ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಟಿವಿಯಲ್ಲಿ ಬಂದಾಗ ಊರಿನ ಜನ ಹೆದರಿಹೋಗಿದ್ದರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆಂದು ಜನ ನಸುಕಿನಿಂದಲೇ ಸಾಲು ನಿಂತಿದ್ದರು. ಭಯಪಡಬೇಡಿ, ಬಿಪಿ ನೋಡಿಸಿಕೊಳ್ಳಿ, ಸಕ್ಕರೆ ನೋಡಿಸಿಕೊಳ್ಳಿ, ಬೀಡಿ ಬಿಡಿ ಎಂದು ಜಗಲಿ ಜಗಲಿಗೆ ಹೋಗಿ ಹೇಳಿದವಳು ನಾನು. ಹೇಳುವಾಗ ಒಂದೊಂದು ಮಾತನ್ನೂ ನಂಬಿಯೇ ಹೇಳಿದ್ದೆ. ಅದು ನನಗೂ ಸೇರಿದ ಮಾತು ಎಂದು ಹೊಳೆಯಲೇ ಇಲ್ಲ.

ಆಗಸ್ಟ್ ನಡುವಿನ ಒಂದು ರಾತ್ರಿ. ನಸುಕಿನ ನಾಲ್ಕು ಗಂಟೆಯ ಸರದಿ ನನ್ನದು. ಒಲೆಗೆ ಸೌದೆ ತಳ್ಳಿ ಎದ್ದು ನಿಂತಾಗ ಎರಡು ಹೆಗಲ ಮೂಳೆಗಳ ನಡುವೆ, ಬೆನ್ನಿನಲ್ಲಿ, ಯಾರೋ ಮೊಣಕೈ ಊರಿ ಒತ್ತಿದಂತಾಯಿತು. ಸ್ವಲ್ಪ ಹೊತ್ತಿಗೆ ಅದು ಕುತ್ತಿಗೆಗೆ ಏರಿ ಕೆಳದವಡೆಯಲ್ಲಿ ನಿಂತಿತು. ಹಲ್ಲು ನೋವೇ ಎಂದು ನಾಲಿಗೆ ಆಡಿಸಿ ನೋಡಿದೆ. ಹೊಟ್ಟೆ ತೊಳಸುತ್ತಿತ್ತು. ಒಲೆಯಿಂದ ದೂರ ಸರಿದು, ತಣ್ಣನೆಯ ಗಾಳಿಗೆ ಕುಳಿತರೂ ಬೆವರು ನಿಲ್ಲಲಿಲ್ಲ. ರವಿಕೆಯ ಬೆನ್ನು ಹಿಂಡುವಷ್ಟು ಒದ್ದೆಯಾಗಿತ್ತು.

ಎದೆಯ ಎಡಗಡೆ ನೋವಿರಲಿಲ್ಲ. ಅದಕ್ಕೇ ಗ್ಯಾಸ್ಟ್ರಿಕ್ ಎಂದುಕೊಂಡೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಚಿತ್ರದಲ್ಲಿ ಎಡಗಡೆಯ ಎದೆ ಹಿಡಿದುಕೊಂಡಿರುವವನು ಗಂಡಸು. ಹದಿನಾರು ವರ್ಷ ಅದನ್ನೇ ನೋಡಿ ನೋಡಿ ಹೃದಯಾಘಾತ ಎಂದರೆ ಅಷ್ಟೇ ಎಂದು ಮನಸ್ಸಿನಲ್ಲಿ ಕುಳಿತುಬಿಟ್ಟಿತ್ತು. ಹೆಂಗಸರಲ್ಲೂ ಎದೆಯ ಬಿಗಿತವೇ ಹೆಚ್ಚು ಕಾಣುವುದು ನಿಜ. ಆದರೆ ಅದರ ಜೊತೆಗೋ ಅದು ಇಲ್ಲದೆಯೋ ಬೆನ್ನು, ದವಡೆ, ಹೊಟ್ಟೆಯ ಮೇಲ್ಭಾಗದ ನೋವು, ವಾಕರಿಕೆ, ಉಸಿರು ಸಾಲದಿರುವುದು, ಕಾರಣವಿಲ್ಲದ ಸುಸ್ತು ಬರಬಹುದು. ಸಕ್ಕರೆ ಕಾಯಿಲೆ ಇದ್ದವರಲ್ಲಿ ನರಗಳ ಸಂವೇದನೆ ಕುಗ್ಗಿ ನೋವು ಮಂದವಾಗಿರಲೂಬಹುದು. ಇದನ್ನು ತರಬೇತಿಯಲ್ಲಿ ಕೇಳಿದ್ದೆ. ಕೇಳಿದ್ದು ಆ ಹೊತ್ತಿಗೆ ಒದಗಲಿಲ್ಲ.

ಜೀರಿಗೆ ಕಷಾಯ ಕಾಯಿಸಿ ಕುಡಿದೆ. ಮನೆಯವರನ್ನು ಎಬ್ಬಿಸಲಿಲ್ಲ. ಅವರು ಎರಡು ಗಂಟೆಯ ತನಕ ಒಲೆ ಕಾದು ಆಗಷ್ಟೇ ಮಲಗಿದ್ದರು. ಬೆಳಗಾಗಲಿ ಎಂದು ಕಾದೆ. ಬೆಳಗಾಯಿತು. ಅತ್ತೆಗೆ ಕಾಫಿ, ಮಗನಿಗೆ ತಿಂಡಿ, ಎಲೆ ಕಟ್ಟುವ ಆಳುಗಳಿಗೆ ಉಪ್ಪಿಟ್ಟು. ಒಗ್ಗರಣೆ ಹಾಕುವಾಗ ಎಡಗೈ ಗೋಡೆಗೆ ಊರಿಯೇ ನಿಂತಿದ್ದೆ. ಏಳೂವರೆಗೆ ಮಗ ನನ್ನ ಮುಖ ನೋಡಿ, "ಅಮ್ಮ, ಬೂದಿ ಬಣ್ಣಕ್ಕೆ ತಿರುಗಿದ್ದೀಯ" ಎಂದ. ಬೈಕಿನಲ್ಲಿ ಹತ್ತಿರದ ಖಾಸಗಿ ಕ್ಲಿನಿಕ್ಕಿಗೆ ಕರೆದೊಯ್ದ. ಅಲ್ಲಿ ನಾನೇ "ಗ್ಯಾಸ್ಟ್ರಿಕ್ ಸರ್" ಎಂದೆ. ವೈದ್ಯರೂ ಅದನ್ನೇ ಒಪ್ಪಿ ಒಂದು ಇಂಜೆಕ್ಷನ್ ಕೊಟ್ಟು, ಎಳನೀರು ಕುಡಿದು ಮಲಗಿ ಎಂದರು. ಐವತ್ತೊಂದು ವರ್ಷದ ಹೆಂಗಸು ದವಡೆ ಹಿಡಿದುಕೊಂಡು ಬೆವರುತ್ತಾ ಬಂದಾಗ ಒಂದು ಇಸಿಜಿ ಮಾಡಿಸಿ ಎನ್ನಬೇಕಿತ್ತು. ಆ ಸಿಟ್ಟು ನನಗೆ ಈಗಲೂ ಇದೆ. ಕಾಯಿಲೆಯ ಹೆಸರನ್ನು ನಾನೇ ಅವರ ಬಾಯಿಗೆ ಇಟ್ಟೆ ಎಂಬ ಸಂಕಟ ಅದಕ್ಕಿಂತ ದೊಡ್ಡದು. ವೈದ್ಯರ ಮುಂದೆ ಏನಾಗುತ್ತಿದೆ ಎಂದಷ್ಟೇ ಹೇಳಬೇಕು. ಏಕೆ ಆಗುತ್ತಿದೆ ಎಂದು ಹುಡುಕುವುದು ಅವರ ಕೆಲಸ.

ಒಂಬತ್ತು ಗಂಟೆಗೆ ನೋವು ಮತ್ತೆ ಏರಿತು. ಆ ದಿನ ಲಸಿಕೆಯ ಪಟ್ಟಿ ಕೊಡುವುದಿತ್ತು. ಬರಲಾಗುವುದಿಲ್ಲ ಎಂದು ತಿಳಿಸಲು ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿಗೆ (ಸಿಎಚ್‌ಒ) ಫೋನ್ ಮಾಡಿದೆ. ನನ್ನ ಮಗಳ ವಯಸ್ಸಿನ ಹುಡುಗಿ. "ಅಕ್ಕ, ಯಾಕೆ ಹೀಗೆ ಏದುತ್ತಿದ್ದೀರಿ?" ಎಂದಳು. ಹೇಳಿದೆ. ಆಮೇಲೆ ಅವಳು ಮೂರೇ ಪ್ರಶ್ನೆ ಕೇಳಿದಳು: ಯಾವಾಗಿನಿಂದ, ಬೆವರು ಇದೆಯೇ, ದವಡೆಯೋ ಬೆನ್ನೋ. "ಬೈಕ್ ಹತ್ತಬೇಡಿ, ನಡೆಯಬೇಡಿ, ಇದ್ದಲ್ಲೇ ಕುಳಿತಿರಿ" ಎಂದು 108ಕ್ಕೆ ಅವಳೇ ಕರೆ ಮಾಡಿದಳು. ಎಷ್ಟು ಬಸುರಿಯರನ್ನು ಆ ವಾಹನದಲ್ಲಿ ಕರೆದೊಯ್ದಿದ್ದೆನೋ ಲೆಕ್ಕವಿಲ್ಲ. ಸ್ಟ್ರೆಚರಿನ ಮೇಲೆ ಮಲಗಿ ಅದರ ಚಾವಣಿ ನೋಡಿದ್ದು ಅದೇ ಮೊದಲು.

ತಾಲ್ಲೂಕು ಆಸ್ಪತ್ರೆ ತಲುಪಿದಾಗ ಹತ್ತು ಗಂಟೆ ಹತ್ತು ನಿಮಿಷ. ಒಳಗೆ ಹೋದ ಐದಾರು ನಿಮಿಷದಲ್ಲೇ ಇಸಿಜಿ ಆಯಿತು. ಎದೆಗೆ ತಣ್ಣನೆಯ ಬಟ್ಟಲುಗಳು, ಕೈಕಾಲಿಗೆ ಚಿಮಟ. ಕಾಗದ ಹೊರಬರುತ್ತಿದ್ದಂತೆ ನರ್ಸ್ ಅದನ್ನು ಹರಿದುಕೊಂಡು ಓಡಿದಳು. ಅವಳು ಓಡಿದ್ದು ನೋಡಿಯೇ ನನಗೆ ಅರ್ಥವಾಯಿತು. ವೈದ್ಯರು ಕಾಗದವನ್ನು ನನ್ನ ಮುಖದ ಮೇಲೆ ಹಿಡಿದು ತೋರಿಸಿದರು. ಪ್ರತಿ ಬಡಿತದ ಚೂಪಾದ ಗೆರೆ ಇಳಿದ ಮೇಲೆ ನೆಲಕ್ಕೆ ಬಂದು ಮಲಗಬೇಕು. ಕೆಲವು ಸಾಲುಗಳಲ್ಲಿ ಅದು ಮಲಗದೆ, ಹಾವು ಹೆಡೆ ಎತ್ತಿದಂತೆ ಮೇಲೆಯೇ ನಿಂತಿತ್ತು. "ಹೃದಯದ ಕೆಳಗೋಡೆಗೆ ರಕ್ತ ಒಯ್ಯುವ ನಾಳ ಹೆಪ್ಪುಗಟ್ಟಿ ಮುಚ್ಚಿದೆ ಅಮ್ಮ. ಮಾಂಸ ಸಾಯುತ್ತಾ ಇದೆ. ಈಗಲೇ ಕರಗಿಸುವ ಔಷಧಿ ಕೊಡಬೇಕು" ಎಂದರು. ಇಸಿಜಿಯ ಚಿತ್ರ ಅಷ್ಟರಲ್ಲಿ ಮೊಬೈಲಿನಲ್ಲಿ ಹೃದ್ರೋಗ ತಜ್ಞರಿಗೆ ಹೋಗಿತ್ತು, ಕೊಡಿ ಎಂಬ ಉತ್ತರವೂ ಬಂದಿತ್ತು.

ಹೆಪ್ಪು ಕರಗಿಸುವ ಔಷಧಿ ಎಲ್ಲಿಯಾದರೂ ರಕ್ತ ಸುರಿಯುವಂತೆ ಮಾಡಬಹುದಾದ್ದರಿಂದ ಬಡಬಡನೆ ಪ್ರಶ್ನೆಗಳು. ಹಿಂದೆ ಲಕ್ವ ಹೊಡೆದಿತ್ತೇ? ತಲೆಗೆ ಪೆಟ್ಟು? ಇತ್ತೀಚೆಗೆ ಆಪರೇಷನ್? ಮಲದಲ್ಲಿ ರಕ್ತ? ಎಲ್ಲಕ್ಕೂ ಇಲ್ಲ ಎಂದೆ. ಕೊನೆಗೆ ನರ್ಸ್ ಸಿರಿಂಜ್ ಹಿಡಿದು ಕೇಳಿದಳು: "ನಿಮ್ಮ ತೂಕ ಎಷ್ಟು?"

ಉತ್ತರ ಗೊತ್ತಿರಲಿಲ್ಲ. ಊರಿನ ಪ್ರತಿ ಕೂಸಿನ ತೂಕ ನನ್ನ ಬಾಯಲ್ಲಿದೆ. ಯಾವ ಬಸುರಿಗೆ ಯಾವ ತಿಂಗಳು ಎಷ್ಟು ಏರಿತು ಎಂದು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ನನ್ನ ತೂಕ ಮಾತ್ರ ಗೊತ್ತಿಲ್ಲ. ಆ ಔಷಧಿಗೆ ತೂಕ ಬೇಕೇ ಬೇಕು: 60 ಕಿಲೋದಿಂದ 70ರೊಳಗಿದ್ದರೆ 35 ಮಿಲಿಗ್ರಾಂ, 70 ಮುಟ್ಟಿದರೆ 40. ಮಂಚದ ಪಕ್ಕಕ್ಕೇ ತಕ್ಕಡಿ ತಂದು, ಇಬ್ಬರು ಹಿಡಿದು ಒಂದು ಕ್ಷಣ ನಿಲ್ಲಿಸಿದರು. 68. ಮುಳ್ಳು ಅಲ್ಲಾಡಿ ನಿಂತದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಹೆಪ್ಪು ಕರಗಿಸುವ ಆ ಔಷಧಿ, ಟೆನೆಕ್ಟೆಪ್ಲೇಸ್, ಒಳಗೆ ಹೋದಾಗ ಹತ್ತು ಗಂಟೆ ನಲವತ್ತು ನಿಮಿಷ. ಒಂದೇ ಸಲಕ್ಕೆ, ಹತ್ತು ಸೆಕೆಂಡಿನೊಳಗೆ ರಕ್ತನಾಳಕ್ಕೆ ಕೊಟ್ಟು ಮುಗಿಸಿದರು. ಅದಕ್ಕೂ ಮೊದಲು ಆಸ್ಪಿರಿನ್ ಅಗಿಯಲು ಕೊಟ್ಟಿದ್ದರು, ಕ್ಲೋಪಿಡೋಗ್ರೆಲ್ ಮತ್ತು ಕೊಬ್ಬು ಇಳಿಸುವ ಅಟೋರ್ವಾಸ್ಟಾಟಿನ್ ನುಂಗಿಸಿದ್ದರು. ಹೊರಗೆ ಕೊಂಡರೆ ನಮ್ಮಂಥವರ ಕೈಗೆ ಎಟುಕದ ಬೆಲೆಯ ಆ ಚುಚ್ಚುಮದ್ದಿಗೆ ನಾವು ಒಂದು ರೂಪಾಯಿಯನ್ನೂ ಕೊಡಲಿಲ್ಲ. ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಸರ್ಕಾರ ತಂದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಅದನ್ನು ಉಚಿತವಾಗಿ ಇರಿಸಿದ್ದಾರೆ. 2021ರ ಅಕ್ಟೋಬರ್ 29ರಂದು ಅವರು 46ನೇ ವಯಸ್ಸಿಗೆ ಹೋದಾಗ ನಮ್ಮೂರಿನ ಮನೆ ಮನೆಯಲ್ಲಿ ಒಲೆ ಉರಿಸದೆ ಅತ್ತಿದ್ದೆವು. ಆ ಹೆಸರು ಒಂದು ದಿನ ನನ್ನ ಕೇಸ್ ಶೀಟಿನ ಮೇಲೆ ಬಂದೀತು ಎಂದು ಯಾರು ಎಣಿಸಿದ್ದರು!

ಹೃದಯದ ಸ್ನಾಯು ರಕ್ತವಿಲ್ಲದೆ ಸಾಯಲು ಶುರುವಾಗಲು ಅರ್ಧ ಗಂಟೆ ಸಾಕು. ಮೊದಲ ಒಂದೆರಡು ಗಂಟೆಯಲ್ಲಿ ಕೊಟ್ಟಾಗ ಈ ಔಷಧಿ ಮಾಡುವಷ್ಟು ಉಪಕಾರ ಆಮೇಲೆ ಮಾಡುವುದಿಲ್ಲ. ಹನ್ನೆರಡು ಗಂಟೆ ದಾಟಿದರೆ ಸಾಮಾನ್ಯವಾಗಿ ಕೊಡುವುದೇ ಇಲ್ಲ. ನಾನು ಕಳೆದದ್ದು ಆರು ಗಂಟೆ ನಲವತ್ತು ನಿಮಿಷ. ಅದರಲ್ಲಿ ಮೂರೂವರೆ ಗಂಟೆ ಮನೆಯ ಕೆಲಸದಲ್ಲಿ.

ಸುಮಾರು ಮುಕ್ಕಾಲು ಗಂಟೆಯ ಮೇಲೆ ಬೆನ್ನಿನ ಮೊಣಕೈಯನ್ನು ಯಾರೋ ಎತ್ತಿಕೊಂಡಂತಾಯಿತು. ಅದೇ ಹೊತ್ತಿಗೆ ಬಡಿತ ತಾಳ ತಪ್ಪಿ ಯಂತ್ರ ಕೂಗತೊಡಗಿತು. ನಾಳ ತೆರೆದು ರಕ್ತ ಮರಳಿ ನುಗ್ಗಿದಾಗ ಹೀಗಾಗುವುದುಂಟು, ಒಳ್ಳೆಯ ಗುರುತೇ ಎಂದು ಆಮೇಲೆ ತಿಳಿಯಿತು. ಆಗ ಮಾತ್ರ ಮಗನ ಮುಖ ಹುಡುಕಿದೆ. ಇನ್ನೊಂದು ಇಸಿಜಿಯಲ್ಲಿ ಹೆಡೆ ಅರ್ಧಕ್ಕಿಂತ ಹೆಚ್ಚು ತಗ್ಗಿತ್ತು. ನಾಳದೊಳಗಿನ ಕೊಬ್ಬಿನ ದಿಮ್ಮಿ ಹಾಗೆಯೇ ಇದೆ, ಅದರ ಮೇಲೆ ಕಟ್ಟಿದ ಹೆಪ್ಪು ಮಾತ್ರ ಕರಗಿದೆ, ಒಂದು ದಿನದೊಳಗೆ ಆಂಜಿಯೋಗ್ರಾಂ ಆಗಲೇಬೇಕು ಎಂದು ಆಂಬುಲೆನ್ಸಿನಲ್ಲಿ ಮೈಸೂರಿನ ಜಯದೇವಕ್ಕೆ ಕಳುಹಿಸಿದರು.

ಮರುದಿನದ ಆಂಜಿಯೋಗ್ರಾಂ ಬಗ್ಗೆ ಊರಿನಲ್ಲಿ ಇರುವಷ್ಟು ಹೆದರಿಕೆಗೆ ಕಾರಣವಿಲ್ಲ. ಬಲ ಮಣಿಕಟ್ಟಿಗೆ ಮರಗಟ್ಟಿಸುವ ಸೂಜಿ, ಆಮೇಲೆ ನೋವಿಲ್ಲ. ಎಚ್ಚರವಾಗಿಯೇ ಇದ್ದೆ. ಮೈಯೊಳಗೆ ಬಣ್ಣ ಬಿಟ್ಟಾಗ ಎದೆಯಿಂದ ತೊಡೆಯ ತನಕ ಬಿಸಿನೀರು ಹರಿದಂತಾಯಿತು. ಪರದೆಯ ಮೇಲೆ ನನ್ನ ಹೃದಯದ ನಾಳಗಳು ಎಲೆ ಉದುರಿದ ಮರದ ಕೊಂಬೆಗಳಂತೆ ಬಡಿತಕ್ಕೆ ತಕ್ಕಂತೆ ತೂಗಾಡುತ್ತಿದ್ದವು. ಬಲಗಡೆಯ ಕೊಂಬೆ ಒಂದು ಕಡೆ ದಾರದಷ್ಟು ಸಣಕಲಾಗಿತ್ತು. ಅಲ್ಲಿ ಬಲೂನು ಉಬ್ಬಿಸಿ, ಔಷಧಿ ಲೇಪಿಸಿದ ಸ್ಟೆಂಟ್, ಅಂದರೆ ನಾಳವನ್ನು ತೆರೆದಿಡುವ ಪುಟ್ಟ ಬಲೆಯ ಕೊಳವೆ, ಕೂರಿಸಿದರು. ಬಲೂನು ಉಬ್ಬಿದ ಕೆಲವು ಸೆಕೆಂಡು ಮೊಣಕೈ ಬೆನ್ನಿಗೆ ಮರಳಿ ಬಂದಿತ್ತು. ಅದನ್ನು ಇಳಿಸಿದ ಕೂಡಲೇ ಕೊಂಬೆ ತುದಿಯ ತನಕ ಕಪ್ಪಾಗಿ ತುಂಬಿಕೊಂಡಿತು. ಎಡಗಡೆಯ ಮುಖ್ಯ ನಾಳದಲ್ಲಿ ಶೇಕಡ 40ರಷ್ಟು ಅಡಚಣೆ ಇದೆ, ಅದಕ್ಕೆ ಸ್ಟೆಂಟ್ ಬೇಡ, ಮಾತ್ರೆ ಸಾಕು ಎಂದರು.

ಖರ್ಚಿನ ಮಾತನ್ನು ಹೇಳಲೇಬೇಕು. ಹೆದರಿ ಮನೆಯಲ್ಲೇ ಕೂರುವವರು ಬಹಳ. ಬಿಪಿಎಲ್ ಕಾರ್ಡ್ ಇರುವ ನಮ್ಮ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯ ತನಕ ಚಿಕಿತ್ಸೆ ಇದೆ, ಸ್ಟೆಂಟ್ ಅದರಲ್ಲೇ ಆಯಿತು. ಕಾರ್ಡಿಲ್ಲದವರಿಗೂ ಸ್ಟೆಂಟಿನ ಬೆಲೆಗೆ ಮಿತಿಯಿದೆ. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಮೊದಲ ಸಲ ಕಡಿವಾಣ ಹಾಕಿ, ಲಕ್ಷ ದಾಟುತ್ತಿದ್ದ ಔಷಧಿ ಲೇಪಿತ ಸ್ಟೆಂಟನ್ನು 30,000 ರೂಪಾಯಿಯೊಳಕ್ಕೆ ಇಳಿಸಿತು.

ವಾರ್ಡಿನಲ್ಲಿ ಯುವ ವೈದ್ಯೆಯೊಬ್ಬರು ನನ್ನ ಪಕ್ಕ ಕುಳಿತು ಚರಿತ್ರೆ ಬರೆದುಕೊಂಡರು. "ತಂಬಾಕು ಇದೆಯೇ?" ಬೀಡಿಯನ್ನು ಮುಟ್ಟಿದವಳಲ್ಲ ಎಂದೆ. "ಮನೆಯಲ್ಲಿ ಯಾರು ಸೇದುತ್ತಾರೆ?" ಮನೆಯವರು, ದಿನಕ್ಕೆ ಒಂದು ಕಟ್ಟು. "ಎಲ್ಲಿ ಕುಳಿತು?" ನಡುಮನೆಯಲ್ಲಿ. "ಅಡುಗೆ?" ಗ್ಯಾಸ್ ಇದೆ, ಮುದ್ದೆಗೂ ನೀರು ಕಾಯಿಸಲೂ ಸೌದೆ ಒಲೆ. ಬ್ಯಾರನ್ನಿನ ಹೊಗೆಯನ್ನು ನಾನೇ ಸೇರಿಸಿದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಬೇರೆಯವರು ಸೇದಿ ಬಿಟ್ಟ ಹೊಗೆಯೂ ಹೃದಯದ ನಾಳಗಳನ್ನು ಕೆಡಿಸುತ್ತದೆ. ಮನೆಯೊಳಗೆ ಸೇದುವವರಿದ್ದರೆ ಸೇದದವರ ಅಪಾಯ ಕಾಲು ಪಾಲಿನಷ್ಟು ಏರುತ್ತದೆ ಎಂದರು. ಸಿಬ್ಯಾಕ್ ಫಾರಂನಲ್ಲೂ ಯಾವ ಉರುವಲು ಬಳಸುತ್ತೀರಿ, ಕೆಲಸದಲ್ಲಿ ಹೊಗೆ ಇದೆಯೇ ಎಂಬ ಸಾಲುಗಳಿವೆ. ಅವಕ್ಕೆ ಅಂಕವಿಲ್ಲ ಎಂದು ನಾನು ಕೇಳದೆಯೇ ಟಿಕ್ ಹಾಕಿ ಮುಂದೆ ಹೋಗುತ್ತಿದ್ದೆ. ಆ ಟಿಕ್‌ಗಳನ್ನು ನೆನೆದರೆ ಈಗ ಹೊಟ್ಟೆ ಉರಿಯುತ್ತದೆ.

ರಕ್ತ ಪರೀಕ್ಷೆಯಲ್ಲಿ ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 8.9 ಬಂತು. 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ಅದು ಎಷ್ಟು ವರ್ಷದಿಂದ ನನ್ನೊಳಗೆ ಇತ್ತೋ. ರಾತ್ರಿ ಎರಡೆರಡು ಸಲ ಏಳುತ್ತಿದ್ದುದನ್ನು ಬ್ಯಾರನ್ನಿನ ಲೆಕ್ಕಕ್ಕೆ ಬರೆದುಕೊಂಡಿದ್ದೆ. ಆ ಸಂಜೆ ಮಂಚದ ಮೇಲೆ ಕುಳಿತು, ಔಷಧಿ ಚೀಟಿಯ ಹಿಂದೆ ಪೆನ್ನಿನಿಂದ ನನ್ನ ಫಾರಂ ತುಂಬಿದೆ. ವಯಸ್ಸು 3. ಸೊಂಟ 94, ಅದಕ್ಕೆ 2. ಅಪ್ಪ 53ಕ್ಕೆ ಹೊಲದಲ್ಲಿ ಎದೆ ಹಿಡಿದುಕೊಂಡು ಬಿದ್ದವರು, ಅದಕ್ಕೆ 2. ಒಟ್ಟು 7. ಬೇರೆ ಯಾರ ಫಾರಂನಲ್ಲಾದರೂ 7 ಬಂದಿದ್ದರೆ ಆ ವಾರವೇ ಕೈಹಿಡಿದು ಕರೆದೊಯ್ಯುತ್ತಿದ್ದೆ.

ನಾಲ್ಕನೆಯ ದಿನ ಮನೆಗೆ ಬಂದೆ. ಕಷ್ಟ ಶುರುವಾದದ್ದು ಆಮೇಲೆ. ಸ್ಟೆಂಟ್ ಹಾಕಿದರೆ ಹೃದಯ ಹೊಸದಾಯಿತು ಎಂದು ಊರು ತಿಳಿಯುತ್ತದೆ. ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ, ನನ್ನ ಹೃದಯದ ಪಂಪಿನ ಶಕ್ತಿ ಶೇಕಡ 46ಕ್ಕೆ ಇಳಿದಿತ್ತು, ಕೆಳಗೋಡೆಯ ಒಂದು ಭಾಗ ಮಂದವಾಗಿ ಆಡುತ್ತಿತ್ತು. ಬಚ್ಚಲಿನಿಂದ ಬರುವಷ್ಟರಲ್ಲಿ ಮೈ ಸೋಲುತ್ತಿತ್ತು. ಒಂದು ತೇಗು ಬಂದರೂ ಮತ್ತೆ ಬಂತೇ ಎಂದು ಎದ್ದು ಕೂರುತ್ತಿದ್ದೆ. ಯಾರೂ ಇಲ್ಲದಾಗ ಸುಮ್ಮಸುಮ್ಮನೆ ಅಳು. ಹೃದಯಾಘಾತದ ಮೇಲೆ ಮನಸ್ಸು ಹೀಗೆ ಕುಸಿಯುವುದು ಬಹಳ ಜನರಿಗೆ ಆಗುತ್ತದೆ, ಅದಕ್ಕೂ ಚಿಕಿತ್ಸೆಯಿದೆ ಎಂದು ಮೊದಲ ಮರುಭೇಟಿಯಲ್ಲಿ ವೈದ್ಯರು ಹೇಳಿದಾಗ ಅರ್ಧ ಭಾರ ಇಳಿಯಿತು.

ಮಾತ್ರೆಗಳಲ್ಲಿ ಒಂದು ನನಗೆ ಒಣ ಕೆಮ್ಮು ತಂದಿತು. ರಾತ್ರಿಯಿಡೀ ಕೆಮ್ಮು. ನಾನಾಗಿಯೇ ನಿಲ್ಲಿಸದೆ ಹೋಗಿ ಕೇಳಿದೆ. ರಾಮಿಪ್ರಿಲ್ ಜಾತಿಯ ಮಾತ್ರೆಯಿಂದ ಹಾಗಾಗುತ್ತದೆ ಎಂದು ಟೆಲ್ಮಿಸಾರ್ಟನ್‌ಗೆ ಬದಲಿಸಿದರು. ನಮ್ಮೂರಿನಲ್ಲಿ ಇಂಥದ್ದೇ ತೊಂದರೆಗೆ ಎಲ್ಲ ಮಾತ್ರೆಗಳನ್ನೂ ಬಿಟ್ಟವರನ್ನು ಕಂಡಿದ್ದೇನೆ. ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎಂಬ ಎರಡು ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಿದರೆ ಸ್ಟೆಂಟೇ ಮುಚ್ಚಿಹೋಗಬಹುದು. ನನಗೆ ಒಂದು ವರ್ಷ ಎರಡೂ, ಆಮೇಲೆ ಆಸ್ಪಿರಿನ್ ಜೀವನಪರ್ಯಂತ.

ಉಪ್ಪಿನ ವಿಷಯವನ್ನು ನಾನು ಲೆಕ್ಕ ಹಾಕಿಯೇ ನಂಬಿದ್ದು. ಒಬ್ಬರಿಗೆ ದಿನಕ್ಕೆ 5 ಗ್ರಾಂ ಮೀರಬಾರದು, ಅಂದರೆ ಒಂದು ಟೀ ಚಮಚ ಎಂದು ಎಲ್ಲರಿಗೂ ಹೇಳುತ್ತಿದ್ದೆ. ನಮ್ಮ ಮನೆಯಲ್ಲಿ ನಾಲ್ಕು ಜನ. ಒಂದು ಕಿಲೋ ಪೊಟ್ಟಣ ಒಡೆದ ದಿನಾಂಕವನ್ನು ಅದರ ಮೇಲೇ ಬರೆದಿಟ್ಟೆ. ಇಪ್ಪತ್ತು ದಿನಕ್ಕೆ ಖಾಲಿ. ತಲೆಗೆ 12.5 ಗ್ರಾಂ! ಉಪ್ಪಿನಕಾಯಿ, ಹಪ್ಪಳ, ಅಂಗಡಿಯ ಖಾರ ಬೂಂದಿ ಬೇರೆ. ಬಸ್ಸಾರಿಗೆ ಹುಣಸೆ, ಬೆಳ್ಳುಳ್ಳಿ ಹೆಚ್ಚಿಸಿ ಉಪ್ಪು ತಗ್ಗಿಸಿದೆ. ಮಜ್ಜಿಗೆಗೆ ಉಪ್ಪು ಹಾಕುವುದನ್ನು ಬಿಟ್ಟೆ. ಅತ್ತೆ ಒಂದು ವಾರ ಮಾತು ಬಿಟ್ಟರು. ಈಗಿನ ಪೊಟ್ಟಣ ಮೂವತ್ತನಾಲ್ಕು ದಿನ ಬಂತು. ಇನ್ನೂ ಇಳಿಯಬೇಕು. ರಾಗಿ ಮುದ್ದೆ ಎಷ್ಟು ತಿಂದರೂ ಸಕ್ಕರೆ ಏರದು ಎನ್ನುವುದು ನಮ್ಮ ಕಡೆಯ ದೊಡ್ಡ ತಪ್ಪು ನಂಬಿಕೆ. ಎರಡು ಮುದ್ದೆಯನ್ನು ಒಂದು ಮಾಡಿ, ಪಕ್ಕಕ್ಕೆ ಎರಡು ಸೌಟು ಸೊಪ್ಪು, ಕಾಳು ಹಾಕಿಕೊಂಡ ಮೇಲೆಯೇ ನನ್ನ ಸಕ್ಕರೆ ಇಳಿದದ್ದು. ಮೂರು ತಿಂಗಳಿಗೆ ಎಚ್‌ಬಿಎ1ಸಿ 7.1.

ನಡಿಗೆಯನ್ನು ಐದು ನಿಮಿಷದಿಂದ ಶುರು ಮಾಡಿದೆ. ಹಾಲಿನ ಡೈರಿಯ ತನಕ ಹೋಗಿ ಬರುವುದು. ಮಾತಾಡಬಹುದು, ಹಾಡಲಾಗದು, ಅಷ್ಟು ಬಿರುಸು ಸಾಕು ಎಂದಿದ್ದರು. ಆರು ವಾರಕ್ಕೆ ಅರ್ಧ ಗಂಟೆ ಮುಟ್ಟಿತು.

ಮನೆಯವರ ಬೀಡಿಯ ಮಾತು ಸುಲಭವಾಗಿ ಮುಗಿಯಲಿಲ್ಲ. ಆಸ್ಪತ್ರೆಯಿಂದ ಬಂದ ದಿನ ಬಿಟ್ಟರು. ಎಲೆ ಹರಾಜಿಗೆ ಹೋದ ತಿಂಗಳು ಬೆಲೆ ಬೀಳುತ್ತಿದ್ದಂತೆ ಮತ್ತೆ ಹಿಡಿದರು. ನಾನು ಜಗಳವಾಡಲಿಲ್ಲ. ಬಿಟ್ಟು ಮತ್ತೆ ಹಿಡಿಯುವುದು ಬಿಡುವ ದಾರಿಯಲ್ಲೇ ಇರುವ ಸಂಗತಿ ಎಂದು ತರಬೇತಿಯಲ್ಲಿ ಕೇಳಿದ್ದೆ. ಈಗ ಎರಡನೆಯ ಸಲ ಬಿಟ್ಟು ಎಪ್ಪತ್ತು ದಿನ ದಾಟಿದೆ. ಹೊಗೆಸೊಪ್ಪು ಬೆಳೆಯುವುದನ್ನು ಬಿಡುವ ಶಕ್ತಿ ಇನ್ನೂ ನಮಗಿಲ್ಲ. ಸಾಲ ಅದರ ಮೇಲಿದೆ. ಅರ್ಧ ಎಕರೆಗೆ ಬೇರೆ ಬೆಳೆ ಹಾಕುವ ಮಾತಾಗಿದೆ. ಬ್ಯಾರನ್ನಿನ ರಾತ್ರಿ ಸರದಿಯಲ್ಲಿ ನನ್ನ ಹೆಸರಿಲ್ಲ.

ಕೆಲಸಕ್ಕೆ ಮರಳಿದ ಮೊದಲ ಮಾಸಿಕ ಸಭೆಯಲ್ಲಿ ನಾನು ಎದ್ದು ನಿಂತು ಒಂದೇ ಮಾತು ಕೇಳಿದೆ: ವರದಿ ಒಪ್ಪಿಸುವ ಮೊದಲು ನಮ್ಮ ನಮ್ಮ ಫಾರಂ ತುಂಬೋಣವೇ? ಟೇಪು, ಬಿಪಿ ಯಂತ್ರ ಎಲ್ಲ ನಮ್ಮ ಚೀಲದಲ್ಲೇ ಇದ್ದವು. ಒಬ್ಬರಿಗೊಬ್ಬರು ಸುತ್ತಿ ಅಳೆದೆವು, ಬೆರಳು ಚುಚ್ಚಿ ಸಕ್ಕರೆ ನೋಡಿದೆವು. ಪಕ್ಕದ ಊರಿನ ಗೆಳತಿಯ ಬಿಪಿ 172ಕ್ಕೆ 104 ಬಂತು. "ಬಸ್ಸಿನಿಂದ ಇಳಿದು ಬಿರಬಿರನೆ ಬಂದೆ ಅಕ್ಕ, ಅದಕ್ಕೇ ಇರಬೇಕು" ಎಂದಳು. ಗೋಡೆಗೆ ಒರಗಿಸಿ, ಕಾಲು ನೆಲಕ್ಕೆ ಊರಿಸಿ, ಐದು ನಿಮಿಷ ಮಾತಾಡಿಸದೆ ಕೂರಿಸಿ ಮತ್ತೆ ನೋಡಿದೆ. 168ಕ್ಕೆ 102. ಮನೆಗೆ ಹೋಗಿ ಅಡುಗೆ ಮಾಡಬೇಕು, ನಾಳೆ ಡಾಕ್ಟರನ್ನು ಕಾಣುತ್ತೇನೆ ಎಂದು ಚೀಲ ಎತ್ತಿಕೊಳ್ಳಲು ಬಂದಳು. ಚೀಲವನ್ನು ನಾನು ಹಿಡಿದುಕೊಂಡೆ. ವೈದ್ಯಾಧಿಕಾರಿಯ ಕೋಣೆ ಅದೇ ಮೊಗಸಾಲೆಯ ಕೊನೆಯಲ್ಲಿತ್ತು. ಅವಳು ಒಳಗೆ ಹೋಗಿ ಚೀಟಿ ಹಿಡಿದು ಹೊರಬರುವ ತನಕ ಬಾಗಿಲಲ್ಲೇ ನಿಂತಿದ್ದೆ.